ಮೊಳೆಗೆ ನೇತುಹಾಕಿದ ಬ್ಯಾಜು

ಉಪ್ಪಳ ಪೇಟೆಯಲ್ಲಿ ಎಲ್ಸಿ ಬಾಯಮ್ಮನ ರಕ್ತಪರೀಕ್ಷೆಯ ಲ್ಯಾಬಿನ ಹೊರಗೆ ಒಂದು ಮರದ ಬೆಂಚು ಇದೆ. ಅದರ ಒಂದು ಕಾಲು ಗಿಡ್ಡ. ಕೂತವರಲ್ಲಿ ಒಬ್ಬರು ಎದ್ದರೆ ಉಳಿದವರು ಒಂದು ಕಡೆಗೆ ವಾಲುತ್ತಾರೆ. ಹತ್ತು ವರ್ಷಗಳಿಂದ, ಆರು ತಿಂಗಳಿಗೊಮ್ಮೆ, ನಾನೂ ನನ್ನ ಹೆಂಡತಿಯ ತಮ್ಮ ಪ್ರಶಾಂತನೂ ಆ ಬೆಂಚಿನಲ್ಲಿ ಅಕ್ಕಪಕ್ಕ ಕೂರುತ್ತೇವೆ. ರಕ್ತ ಕೊಟ್ಟು ರಿಪೋರ್ಟ್ ಬರುವ ತನಕ ಕಾಯುತ್ತೇವೆ. ಆ ಹೊತ್ತಿನಲ್ಲಿ ನನಗೆ ಈಗಲೂ ಹೆದರಿಕೆಯಾಗುತ್ತದೆ. ಕಾಲ ಕಳೆದ ಹಾಗೆ ಅದು ಹೋಗುತ್ತದೆ ಎಂದು ಮೊದಮೊದಲು ಎಷ್ಟೋ ಜನ ಹೇಳಿದ್ದರು. ನನ್ನದು ಹೋಗಿಲ್ಲ. ನಿಮ್ಮದೂ ಹೋಗದಿದ್ದರೆ ನಿಮ್ಮಲ್ಲೇನೋ ದೋಷವಿದೆ ಎಂದು ತಿಳಿಯಬೇಡಿ.

ನನ್ನ ಹೆಸರು ಸದಾನಂದ, ಊರು ಕಾಸರಗೋಡು ಕಡೆಯ ಮಂಗಲ್ಪಾಡಿ. ಮನೆಮಾತು ತುಳು, ಆದರೆ ಓದಿದ್ದು ಕನ್ನಡ ಶಾಲೆಯಲ್ಲಿ, ಹಾಗಾಗಿ ಬರೆಯಲು ಬರುವುದು ಕನ್ನಡ ಮಾತ್ರ. ಹನ್ನೊಂದು ವರ್ಷ ಗಲ್ಫಿನಲ್ಲಿ ಪೈಪುಗಳ ಫೋಟೋ ತೆಗೆಯುವ ಕೆಲಸ ಮಾಡಿದೆ. ಹೀಗೆಂದು ಹೇಳಿದ್ದಕ್ಕೆ ರಜೆಯಲ್ಲಿ ಬಂದಾಗ ಒಬ್ಬರು ಮಗಳ ನಿಶ್ಚಿತಾರ್ಥಕ್ಕೆ ಕ್ಯಾಮೆರಾ ತರಲು ಹೇಳಿದ್ದರು. ನನ್ನ ಕ್ಯಾಮೆರಾ ಮದುವೆಮನೆಗೆ ತರುವಂಥದ್ದಲ್ಲ. ಎರಡು ಪೈಪುಗಳನ್ನು ವೆಲ್ಡ್ ಮಾಡಿದ ಜಾಗ ಒಳಗಿನಿಂದ ಸರಿಯಾಗಿದೆಯೇ ಎಂದು, ಎಲುಬಿನ ಎಕ್ಸ್‌ರೇ ತೆಗೆದ ಹಾಗೆ, ಚಿತ್ರ ತೆಗೆದು ನೋಡುತ್ತಾರೆ. ಅದಕ್ಕೆ ಒಂದು ಭಾರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಕಡಲೆಕಾಳಿಗಿಂತ ಸಣ್ಣದಾದ, ವಿಕಿರಣ ಸೂಸುವ ಒಂದು ಲೋಹದ ತುಂಡು. ನಾವದನ್ನು ಸೋರ್ಸ್ ಎನ್ನುತ್ತಿದ್ದೆವು. ದೂರ ನಿಂತು ಹಿಡಿಕೆ ತಿರುಗಿಸಿದರೆ ಅದು ಒಂದು ಕೊಳವೆಯೊಳಗೆ ಸಾಗಿ ಪೈಪಿನ ಹತ್ತಿರ ಹೋಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆಗೆ ಮರಳುತ್ತದೆ. ಮರಳಿದೆಯೇ ಎಂದು ವಿಕಿರಣ ಅಳೆಯುವ ಮೀಟರ್ ಹಿಡಿದು ನೋಡಿಯೇ ಹತ್ತಿರ ಹೋಗಬೇಕು. ಇದು ಪಾಠ.

ಇನ್ನೊಂದು ಪಾಠ ಬ್ಯಾಜಿನದ್ದು. ಮೈಗೆ ಎಷ್ಟು ವಿಕಿರಣ ತಾಗಿತು ಎಂದು ಗುರುತು ಮಾಡಿಕೊಳ್ಳುವ ಒಂದು ಸಣ್ಣ ಬ್ಯಾಜನ್ನು ಪ್ರತಿಯೊಬ್ಬನೂ ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ಅದರಲ್ಲಿ ಮಿತಿ ಮೀರಿದ್ದು ಕಂಡರೆ ಅವನನ್ನು ಸೈಟಿನಿಂದ ಇಳಿಸಿ ಸ್ಟೋರಿನಲ್ಲಿ ಕೂರಿಸುತ್ತಾರೆ. ಆಮೇಲೆ ಓವರ್‌ಟೈಮ್ ಇಲ್ಲ, ಮುಂದಿನ ಸಲ ವೀಸಾ ಸಿಗುವುದೂ ಖಾತ್ರಿಯಿಲ್ಲ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕೆಲಸಕ್ಕೆ ಇಳಿಯುವ ಮೊದಲು ಬ್ಯಾಜು ಬಿಚ್ಚಿ ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕುವುದು, ಸಂಜೆ ಮತ್ತೆ ಅಂಗಿಗೆ ಸಿಕ್ಕಿಸಿಕೊಂಡು ಹೊರಡುವುದು. ನನಗೆ ಇದನ್ನು ಕಲಿಸಿದವನು ಅಲ್ಲಿನ ಒಬ್ಬ ಹಳಬ. ಪ್ರಶಾಂತನಿಗೆ ವೀಸಾ ಮಾಡಿಸಿ ಕರೆಸಿಕೊಂಡದ್ದು ನಾನು, ಇದನ್ನು ಕಲಿಸಿದ್ದೂ ನಾನು.

ರಜೆಗೆ ಊರಿಗೆ ಹೊರಡಲು ಆರು ದಿನ ಇತ್ತು. ಶುಕ್ರವಾರ, ಸೈಟಿನಲ್ಲಿ ಬೇರೆ ಯಾರೂ ಇರಲಿಲ್ಲ. ಮೀಟರಿನ ಬ್ಯಾಟರಿ ಮುಗಿದಿತ್ತು. ಹೊಸದು ತರಲು ಕ್ಯಾಂಪಿಗೆ ಹೋಗಿ ಬರುವಷ್ಟರಲ್ಲಿ ಕೆಲಸವೇ ಮುಗಿಯುತ್ತದೆ ಎಂದು ನಾನೇ ಹೇಳಿದೆ. ಹಿಡಿಕೆ ತಿರುಗಿಸುತ್ತಿದ್ದವನು ಪ್ರಶಾಂತ. ನಾಲ್ಕನೇ ಚಿತ್ರವಾದ ಮೇಲೆ "ಬಂತು ಭಾವ" ಎಂದು ಕೂಗಿದ. ನಾನು ಹೋಗಿ ಕೊಳವೆಯನ್ನು ಮುಂದಿನ ಜೋಡಣೆಗೆ ಕಟ್ಟಲು ಹೊರಟೆ. ಅದನ್ನು ಹಿಡಿದಿಡುವ ಕ್ಲಾಂಪು ಸಿಕ್ಕಿಹಾಕಿಕೊಂಡಿತು. ನಾನು ಕುಕ್ಕರಗಾಲಲ್ಲಿ ಕೂತು ಅದರೊಂದಿಗೆ ಗುದ್ದಾಡಿದೆ. ಪ್ರಶಾಂತನೂ ಬಂದು ಪೈಪಿನ ಆಚೆ ಬದಿಯಲ್ಲಿ ನಿಂತು ಫಿಲ್ಮು ಕಟ್ಟಿದ. ಕಾಲು ಗಂಟೆ ಆಗಿರಬೇಕು. ತಿರುಗಿ ಹೋಗಿ ಹಿಡಿಕೆ ಹಿಡಿದ ಪ್ರಶಾಂತ, ಅದು ಇನ್ನೂ ಹಿಂದಕ್ಕೆ ತಿರುಗುವುದನ್ನು ಕಂಡು ಹಾಗೇ ನಿಂತುಬಿಟ್ಟ. ಅವನ ಮುಖ ನೋಡಿ ನನಗೆ ಗೊತ್ತಾಯಿತು. ಸೋರ್ಸ್ ಪೆಟ್ಟಿಗೆಗೆ ಮರಳಿರಲಿಲ್ಲ. ಅಷ್ಟು ಹೊತ್ತೂ ಅದು ಕೊಳವೆಯ ತುದಿಯಲ್ಲಿ, ನನ್ನ ಎದೆಯ ಮುಂದೆ ಇತ್ತು.

ಅವನು ಗಡಗಡ ತಿರುಗಿಸಿ ಅದನ್ನು ಒಳಗೆ ಸೇರಿಸಿದ. ಮೈಗೆ ಏನೂ ಆಗಿರಲಿಲ್ಲ, ಬಿಸಿಯಿಲ್ಲ, ನೋವಿಲ್ಲ.

"ಭಾವ, ಹೇಳುವನಾ ಸುಪರ್‌ವೈಸರಿಗೆ?" ಎಂದ.

"ಹೇಳಿದ್ರೆ ನನ್ನ ರಜೆ ಹೋಗ್ತದೆ, ನಿನ್ನ ಕೆಲಸ ಹೋಗ್ತದೆ. ಮೀಟರ್ ಯಾಕೆ ಹಿಡೀಲಿಲ್ಲ ಅಂತ ಕೇಳಿದ್ರೆ ಎಂತ ಹೇಳ್ತಿ? ಸುಮ್ಮನಿರು. ಬ್ಯಾಜು ಮೊಳೆಯಲ್ಲೇ ಉಂಟಲ್ಲ."

ಎರಡು ಗಂಟೆಯೊಳಗೆ ನನಗೆ ವಾಂತಿ ಶುರುವಾಯಿತು. ಅವನಿಗೂ ಒಮ್ಮೆ ಆಯಿತು. ಮಧ್ಯಾಹ್ನದ ಬಿರಿಯಾನಿಯ ಮೇಲೆ ತಪ್ಪು ಹೊರಿಸಿ ಮಲಗಿದೆವು. ಮರುದಿನ ಇಬ್ಬರಿಗೂ ಸರಿಯಾಯಿತು. ಗುರುವಾರ ನಾನು ವಿಮಾನ ಹತ್ತಿದೆ.

ಊರಿನಲ್ಲಿ ಜಡಿಮಳೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಅದೇ ದೊಡ್ಡ ಮೋಸ. ನಾನು ತಿಂದೆ, ತಿರುಗಿದೆ, ತಂದ ಸಾಮಾನು ಹಂಚಿದೆ, ಏನೂ ಆಗಿಲ್ಲ ಎಂದು ನನಗೇ ನಾನು ಹೇಳಿಕೊಂಡೆ. ಆಮೇಲೆ ಬಲಗೈಯ ಎರಡು ಬೆರಳಿನ ತುದಿ ಕೆಂಪಾಗಿ ಬೊಬ್ಬೆ ಎದ್ದವು. ನನ್ನ ಹೆಂಡತಿ ವನಿತಾ ಕೇಳಿದಾಗ, ಹೊರಡುವ ಮೊದಲು ಬಿಸಿ ಪೈಪ್ ತಾಗಿತ್ತು ಎಂದೆ. ಮೂರನೇ ವಾರ ಹಲ್ಲುಜ್ಜುವಾಗ ಉಗುಳಿದ್ದು ಕೆಂಪಾಗಿತ್ತು. ಕಣಕಾಲಿನಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಒರೆಸಿದರೆ ಹೋಗುತ್ತಿರಲಿಲ್ಲ.

ಎಲ್ಸಿ ಬಾಯಮ್ಮನ ಲ್ಯಾಬಿಗೆ ಆಗ ಮೊದಲ ಸಲ ಹೋದದ್ದು. ಪ್ಲೇಟ್ಲೆಟ್ ಅರುವತ್ತು ಸಾವಿರ ಎಂದು ಬಂತು. ಇರಬೇಕಾದ್ದರ ಅರ್ಧವೂ ಇಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಪ್ಲೇಟ್ಲೆಟ್ ಇಳಿದರೆ ಡಾಕ್ಟರೇ ಬೇಡ, ಬಸ್ಸಿನ ಕಂಡಕ್ಟರೂ ರೋಗದ ಹೆಸರು ಹೇಳುತ್ತಾನೆ. ಡೆಂಗ್ಯೂ. ಆ ವರ್ಷ ಊರಿಡೀ ಅದೇ ಇತ್ತು. ಡೆಂಗ್ಯೂ ಎಂದು ಕೇಳಿದಾಗ ನನಗಾದ ಸಮಾಧಾನ ಹೇಳತೀರದು. ಎಲ್ಲರಿಗೂ ಬರುವ ರೋಗ, ವಾರದಲ್ಲಿ ಬಿಡುವ ರೋಗ. ನಾನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ನನ್ನ ಅಕ್ಕ ಬಂದು ಪಪ್ಪಾಯಿ ಎಲೆ ಅರೆದು ರಸ ಕುಡಿಸಿದಳು. ಆ ಕಹಿ ನಾಲಗೆಯಲ್ಲಿ ಎರಡು ದಿನ ಇರುತ್ತದೆ. ನೆಂಟರು ಬ್ರೆಡ್ಡು, ಮುಸಂಬಿ ಹಿಡಿದುಕೊಂಡು ನೋಡಲು ಬಂದರು, ಹತ್ತಿರ ಕೂತು ಕೆಮ್ಮಿದರು. ಪಂಚಾಯತಿನ ಆಶಾ ಕಾರ್ಯಕರ್ತೆ ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದಳು. ಅವರು ಮಲಯಾಳದಲ್ಲಿ ಬೈಯುತ್ತಾ ಹಿತ್ತಿಲಿನಲ್ಲಿ ನೀರು ನಿಂತ ತೆಂಗಿನ ಗೆರಟೆ, ಒಡೆದ ಬಕೆಟು, ಹೂಕುಂಡದ ತಟ್ಟೆ ಎಲ್ಲ ಮಗುಚಿ ಹಾಕಿಸಿದರು. ನೆರೆಮನೆಗಳಿಗೂ ಹೋದರು. ನನ್ನಿಂದಾಗಿ ಸುತ್ತಿನ ಆರೇಳು ಮನೆಗಳಿಗೆ ಸೊಳ್ಳೆ ಸಾಯಲು ಹೊಗೆ ಹಾಕಿದರು. ಪಕ್ಕದ ಮನೆಯ ಅಜ್ಜಿ ಹೊಗೆಗೆ ಕೆಮ್ಮುತ್ತಾ, "ಪಾಪ, ಹುಷಾರಾದ್ರೆ ಸಾಕು ಮಾರಾಯ್ತಿ" ಎಂದು ವನಿತಾಳಿಗೆ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು. ನಾನು ಗೋಡೆಯ ಕಡೆಗೆ ತಿರುಗಿ ಮಲಗಿದೆ.

ಎರಡು ದಿನಕ್ಕೊಮ್ಮೆ ರಕ್ತ ಕೊಡುತ್ತಿದ್ದೆ. ಅರುವತ್ತು ಇದ್ದದ್ದು ನಲವತ್ತೆರಡಾಯಿತು, ಮೂವತ್ತಾಯಿತು. ಬಿಳಿ ರಕ್ತಕಣವೂ ಇಳಿಯುತ್ತಿತ್ತು. ಹನ್ನೆರಡನೆಯ ದಿನ ಎಲ್ಸಿ ಬಾಯಮ್ಮ ರಿಪೋರ್ಟ್ ಕೊಡದೆ ನನ್ನನ್ನು ಒಳಗೆ ಕರೆದರು. ಐವತ್ತು ದಾಟಿದ, ಸೊಂಟನೋವಿನಿಂದ ಯಾವಾಗಲೂ ನಿಂತೇ ಇರುವ ಹೆಂಗಸು. ಯಂತ್ರ ಹೇಳಿದ್ದನ್ನು ನಂಬದೆ ಕಣ್ಣಿಟ್ಟು ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡುವ ಅಭ್ಯಾಸ ಅವರದ್ದು.

"ಡೆಂಗ್ಯೂ ಆದ್ರೆ ಒಂದು ವಾರದಲ್ಲಿ ಬೀಳ್ತದೆ, ಏಳ್ತದೆ. ನಿಮ್ಮದು ಬರೇ ಇಳೀತಾ ಉಂಟು. ಜ್ವರ ಒಮ್ಮೆಯೂ ಬರ್ಲಿಲ್ಲ. ಡೆಂಗ್ಯೂ ಟೆಸ್ಟ್ ಎರಡು ಸಲವೂ ನೆಗೆಟಿವ್," ಎಂದರು. ಆಮೇಲೆ ನನ್ನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. "ಈ ಬೆರಳಿಗೆ ಎಂತ ಆದದ್ದು?"

"ಬಿಸಿ ಪೈಪ್ ತಾಗಿದ್ದು ಬಾಯಮ್ಮ."

"ಯಾವಾಗ?"

"ಒಂದು ತಿಂಗಳು ಆಯ್ತು."

"ಸುಟ್ಟದ್ದಾದ್ರೆ ಇಷ್ಟೊತ್ತಿಗೆ ಒಣಗಬೇಕು. ಇದು ಈಗ ಅರಳ್ತಾ ಉಂಟು." ಅವರು ನನ್ನ ಕೈ ಬಿಟ್ಟರು. "ನನಗೆ ಹೇಳ್ಬೇಕು ಅಂತ ಇಲ್ಲ. ಇವತ್ತೇ ಮಂಗಳೂರಿಗೆ ಹೋಗಿ. ಅಲ್ಲಿಯ ಡಾಕ್ಟ್ರಿಗೆ ಮಾತ್ರ ಹೇಳಿ."

ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ರಕ್ತದ ಡಾಕ್ಟರು ಮೆಲುದನಿಯ ಹೆಂಗಸು. ನಾನು ಹೇಳುವುದನ್ನೆಲ್ಲ ಬರೆದುಕೊಳ್ಳುತ್ತಾ ಕೇಳುತ್ತಿದ್ದರು. ಯಾವುದಾದರೂ ಮಾತ್ರೆ ತಿನ್ನುತ್ತೀರಾ, ಕೆಲಸ ಏನು, ಯಾವ ಊರು. ಪೈಪಿನ ಕೆಲಸ ಎಂದೆ. ಕಾಸರಗೋಡು ಕಡೆ ಎಂದ ಕೂಡಲೇ ಅವರು ತಲೆಯೆತ್ತಿ, "ಗೇರುತೋಟಕ್ಕೆ ಮದ್ದು ಹೊಡೀತಿದ್ರಲ್ಲ, ಆ ಕಡೆಯಾ?" ಎಂದು ಕೇಳಿದರು.

ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಗೇರುತೋಟಗಳಿಗೆ ಕೀಟನಾಶಕ ಸುರಿದು ಊರೂರೇ ಕಾಯಿಲೆ ಬಿದ್ದ ಜಾಗ ಅದು. ನಮ್ಮ ಮಂಗಲ್ಪಾಡಿ ಆ ಕಡೆಯಲ್ಲ. ಆದರೆ ವನಿತಾಳ ತವರು ಮುಳ್ಳೇರಿಯದ ಹತ್ತಿರ. ನಾನು, "ಹೆಂಡತಿಯ ಮನೆ ಆ ಕಡೆ, ಡಾಕ್ಟ್ರೇ. ಸುಮಾರು ಸಲ ಹೋಗಿ ನಿಂತಿದ್ದೇನೆ" ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅವರು ಬರೆದುಕೊಂಡರು. ನಿಜವಾಗಿ ಆ ಮದ್ದಿನಿಂದ ನರಳಿದವರ ಕಷ್ಟದ ಹಿಂದೆ ಅಡಗಿ ಕೂತೆನಲ್ಲ ಎಂದು ಈಗಲೂ ನನಗೆ ನಾಚಿಕೆಯಾಗುತ್ತದೆ. ಪಕ್ಕದಲ್ಲಿದ್ದ ವನಿತಾ ತನ್ನ ಊರಿನಿಂದ ಗಂಡನಿಗೆ ಹೀಗಾಯಿತು ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ಪರೀಕ್ಷೆ ಮಾಡಿದರು. ಮರಗೆಲಸದವರು ತೂತು ಕೊರೆಯುವ ಹಾಗೆ ಸೂಜಿ ತಿರುಗಿಸುವುದು ಗೊತ್ತಾಗುತ್ತದೆ. ನೋವಿಗಿಂತ ಆ ಒತ್ತಡ ಹೆಚ್ಚು. ರಿಪೋರ್ಟಿಗೆ ಮೂರು ದಿನ ಕಾಯಬೇಕು. ಆ ಮೂರು ದಿನ ನಾನು ಮಾಡಿದ್ದೇನು? ವಾರ್ಡಿನ ಮೇಲ್ಛಾವಣಿಯ ಫ್ಯಾನಿನ ಎಲೆಗಳನ್ನು ನೋಡಿದ್ದು, ಕಾಲಿನ ಚುಕ್ಕೆ ಎಣಿಸಿದ್ದು. ಎಣಿಸಿ ಮುಗಿಸಿ ಮತ್ತೆ ಎಣಿಸಿದರೆ ಎರಡು ಹೆಚ್ಚು ಇರುತ್ತಿದ್ದವು. ಪಕ್ಕದ ಮಂಚದಲ್ಲಿದ್ದ ದೇಲಂಪಾಡಿಯ ಮುದುಕರೊಬ್ಬರು, "ಎಂತ ಎಣಿಸ್ತೀರಿ ಮಾರಾಯ್ರೆ, ಅದಕ್ಕೆ ಬಡ್ಡಿ ಸಿಗುದಿಲ್ಲ" ಎಂದಾಗ ನಗು ಬಂತು. ನಗುವಾಗ ಒಸಡಿನಿಂದ ರಕ್ತ ಬಂತು.

ಮೂರನೇ ದಿನ ಡಾಕ್ಟರು ಮಂಚದ ಹತ್ತಿರ ಕುರ್ಚಿ ಎಳೆದು ಕೂತರು. ಡಾಕ್ಟರು ನಿಂತು ಮಾತಾಡಿದರೆ ಸಣ್ಣ ವಿಷಯ, ಕೂತರೆ ದೊಡ್ಡದು ಎಂದು ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

"ರಕ್ತ ತಯಾರಾಗುವ ಜಾಗ ಸುಮಾರು ಖಾಲಿ ಆಗಿದೆ," ಎಂದರು. "ಯಾಕೆ ಅಂತ ಸರಿಯಾಗಿ ಗೊತ್ತಾಗ್ತಾ ಇಲ್ಲ. ಕೆಲವರಿಗೆ ದೇಹವೇ ತನ್ನ ಮಜ್ಜೆಯ ಮೇಲೆ ಬೀಳ್ತದೆ. ಹಾಗಿರಬಹುದು ಅಂತ ಸೋಮವಾರ ಒಂದು ಮದ್ದು ಶುರು ಮಾಡುವ. ಅದು ಜೋರಿನ ಮದ್ದು, ಇರುವ ರೋಗನಿರೋಧಕ ಶಕ್ತಿಯನ್ನೂ ಅಡಗಿಸ್ತದೆ. ಕಾರಣ ಬೇರೆ ಇದ್ದರೆ ಒಳ್ಳೆಯದಕ್ಕಿಂತ ಕೆಟ್ಟದು ಹೆಚ್ಚು. ನೀವು ಇನ್ನು ಏನಾದ್ರೂ ನೆನಪು ಮಾಡಿಕೊಂಡು ಹೇಳುವುದು ಇದೆಯಾ?"

ಅದು ಶನಿವಾರ. ನನ್ನ ಬಾಯಿಗೆ ಬಂದದ್ದು ಮತ್ತೆ ಒಳಗೆ ಹೋಯಿತು. ಇಲ್ಲ ಎಂದು ತಲೆಯಾಡಿಸಿದೆ. ಜೀವಕ್ಕಿಂತ ದೊಡ್ಡದೇ ವೀಸಾ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಒಮ್ಮೆ ಮುಚ್ಚಿಟ್ಟವನಿಗೆ ಬಾಯಿ ಬಿಡುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ಮೊದಲ ವಾರ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಈಗ ಪಪ್ಪಾಯಿ ಎಲೆ, ಹೊಗೆ, ಗೇರುತೋಟ ಎಲ್ಲದಕ್ಕೂ ಉತ್ತರ ಕೊಡಬೇಕಿತ್ತು.

ಭಾನುವಾರ ಬೆಳಿಗ್ಗೆ ವನಿತಾಳ ಮೊಬೈಲಿಗೆ ಪ್ರಶಾಂತನ ಫೋನು ಬಂತು. ಅವನ ಫೋನ್ ಕಾರ್ಡಿನಲ್ಲಿ ಸ್ವಲ್ಪವೇ ನಿಮಿಷ ಉಳಿದಿತ್ತು, ಗಡಿಬಿಡಿಯಲ್ಲಿ ಮಾತಾಡಿದ.

"ಭಾವ, ಹೇಗುಂಟು ಈಗ?"

"ಪರವಾಗಿಲ್ಲ. ನೀನು?"

"ನಾನು ಆರಾಮ. ಕೆಲಸ ಜೋರುಂಟು, ನಿಮ್ಮ ಶಿಫ್ಟೂ ನಾನೇ ಮಾಡುದು. ಹಲ್ಲುಜ್ಜುವಾಗ ಮಾತ್ರ ನಿನ್ನೆಯಿಂದ ಸ್ವಲ್ಪ ರಕ್ತ. ನಿಮಗೂ ಹಾಗೇ ಆದದ್ದು ಅಂತ ಅಕ್ಕ ಹೇಳಿದ್ಳು. ಭಾವ, ಈ ಮರುಭೂಮಿಯಲ್ಲಿ ಡೆಂಗ್ಯೂ ಬರ್ತದಾ?"

ಅವನು ತಮಾಷೆಗೆ ಕೇಳಲಿಲ್ಲ. ನಿಜವಾಗಿ ತಿಳಿಯಲೆಂದೇ ಕೇಳಿದ. ನಾನು ಉತ್ತರ ಹೇಳುವ ಮೊದಲೇ ನಿಮಿಷ ಮುಗಿದು ಫೋನು ಕಡಿಯಿತು.

ವನಿತಾ ಗಂಜಿಯ ಕ್ಯಾರಿಯರ್ ಬಿಚ್ಚುತ್ತಿದ್ದಳು. "ಅದನ್ನು ಇಡು" ಎಂದೆ. ಆಮೇಲೆ ಹೇಳಿದೆ. ಶುಕ್ರವಾರ, ಮೀಟರ್, ಕ್ಲಾಂಪು, ಮೊಳೆಯಲ್ಲಿ ತೂಗುತ್ತಿದ್ದ ಎರಡು ಬ್ಯಾಜು, ಸುಮ್ಮನಿರು ಎಂದು ನಾನು ಹೇಳಿದ್ದು, ಎಲ್ಲವನ್ನೂ. ಅವಳು ಅಳಲಿಲ್ಲ. ಕ್ಯಾರಿಯರಿನ ಮುಚ್ಚಳ ಕೈಯಲ್ಲೇ ಇತ್ತು.

"ಎಷ್ಟು ದಿನ ಆಯ್ತು?"

"ನಲವತ್ತನಾಲ್ಕು."

"ನಲವತ್ತನಾಲ್ಕು ದಿನದಿಂದ ಅವ ಅಲ್ಲಿ ಅದೇ ಕೆಲಸ ಮಾಡ್ತಾ ಇದ್ದಾನೆ."

"ಹೌದು."

"ಎರಡೆರಡು ದಿನಕ್ಕೆ ನಿಮ್ಮ ರಿಪೋರ್ಟ್ ನೋಡಿ ನೋಡಿ ಹೆದರಿದ್ರಿ. ಅವನದ್ದು ಹೇಗಿರಬಹುದು ಅಂತ ಒಮ್ಮೆಯಾದ್ರೂ ನೆನಪಾಯ್ತಾ?"

ನೆನಪಾಗಿತ್ತು. ನೆನಪಾದಾಗಲೆಲ್ಲ ಅವನು ಪೈಪಿನ ಆಚೆ ಬದಿಯಲ್ಲಿದ್ದ, ಅವನಿಗೇನೂ ಆಗಿರಲಿಕ್ಕಿಲ್ಲ ಎಂದು ತಳ್ಳಿಬಿಟ್ಟಿದ್ದೆ. ಅವಳು ಮುಚ್ಚಳ ಇಟ್ಟು ಎದ್ದು ಹೋದಳು. ಮೊದಲು ಹೋದದ್ದು ಡಾಕ್ಟರ ಹತ್ತಿರ ಅಲ್ಲ, ಆಸ್ಪತ್ರೆಯೆದುರಿನ ಟೆಲಿಫೋನ್ ಬೂತಿಗೆ. ತಮ್ಮನ ಕ್ಯಾಂಪಿಗೆ ಫೋನು ಮಾಡಿ, "ಇವತ್ತು ಕೆಲಸಕ್ಕೆ ಹೋಗ್ಬೇಡ, ಆಸ್ಪತ್ರೆಗೆ ಹೋಗು, ನಡೆದದ್ದು ಎಲ್ಲ ಹೇಳು, ಕೆಲಸ ಹೋದ್ರೆ ಹೋಗ್ಲಿ" ಎಂದು ಹೇಳಿದ ಮೇಲೆ ಡಾಕ್ಟರನ್ನು ಹುಡುಕಿಕೊಂಡು ಹೋದಳು.

ಡಾಕ್ಟರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲು ಬರೆದುಕೊಂಡದ್ದರ ಮೇಲೆ ಒಂದು ಗೆರೆ ಎಳೆದರು. "ಬ್ಯಾಜು ಎಷ್ಟು ತೋರಿಸ್ತದೆ?" ಎಂದು ಕೇಳಿದರು. ಸೊನ್ನೆ ಎಂದೆ. ಹನ್ನೊಂದು ವರ್ಷದ್ದೂ ಹೆಚ್ಚುಕಡಿಮೆ ಸೊನ್ನೆಯೇ. ಈ ಮೈಯೊಳಗೆ ಎಷ್ಟು ಹೋಗಿದೆ ಎಂದು ಹೇಳಬಲ್ಲ ಒಂದೇ ಸಾಕ್ಷಿಯನ್ನು ನಾನೇ ಗೋಡೆಗೆ ತೂಗಿಸಿ ಬಂದಿದ್ದೆ. ಇನ್ನು ಮಜ್ಜೆಯೇ ಹೇಳಬೇಕು ಎಂದರು ಡಾಕ್ಟರು. ಸ್ವಲ್ಪವಾದರೂ ಬೀಜ ಉಳಿದಿದ್ದರೆ ಅದು ತಾನಾಗಿ ಚಿಗುರುತ್ತದೆ, ಇಲ್ಲದಿದ್ದರೆ ನನ್ನ ಅಕ್ಕನ ಮಜ್ಜೆ ಹೊಂದುತ್ತದೆಯೇ ನೋಡಬೇಕು. ಸೋಮವಾರದ ಮದ್ದು ನಿಂತಿತು.

ನನ್ನನ್ನು ಒಂಟಿ ಕೋಣೆಗೆ ಹಾಕಿದರು. ಬಿಳಿ ಕಣ ಏಳುನೂರು, ಪ್ಲೇಟ್ಲೆಟ್ ಹದಿನಾಲ್ಕು ಸಾವಿರ. ಯಾರೂ ಒಳಗೆ ಬರುವ ಹಾಗಿಲ್ಲ, ಹಸಿ ಹಣ್ಣು ತಿನ್ನುವ ಹಾಗಿಲ್ಲ, ಜೋರಾಗಿ ಮೂಗು ಸೀಟುವ ಹಾಗಿಲ್ಲ. ಹಳದಿ ಬಣ್ಣದ ಪ್ಲೇಟ್ಲೆಟ್ ಚೀಲಗಳು ಬಂದು ತೂಗಿದವು. ಬೆಳಿಗ್ಗೆ ಆರಕ್ಕೆ ರಕ್ತ ತೆಗೆದುಕೊಂಡು ಹೋಗುತ್ತಿದ್ದರು, ಹತ್ತಕ್ಕೆ ರಿಪೋರ್ಟ್. ಆರರಿಂದ ಹತ್ತರ ತನಕ ನಾನು ಬದುಕಿದ್ದೆ ಎನ್ನುವ ಹಾಗಿರಲಿಲ್ಲ. ಏಳುನೂರು. ಆರುನೂರ ಐವತ್ತು. ಏಳುನೂರು. ಗಂಟಲಲ್ಲಿ ಸ್ವಲ್ಪ ಕೆರೆತ ಎನಿಸಿದರೂ ಇದೇ ಕೊನೆಯ ಕಾಯಿಲೆ ಎಂದು ಮೈ ಬೆವರುತ್ತಿತ್ತು.

ಒಂದು ದಿನ ಕೋಣೆಯ ಬಾಗಿಲಿನ ಗಾಜಿನಾಚೆ ಎಲ್ಸಿ ಬಾಯಮ್ಮ ನಿಂತಿದ್ದರು. ಸೊಂಟನೋವಿನಲ್ಲಿ ಉಪ್ಪಳದಿಂದ ಬಸ್ಸು ಹಿಡಿದು ಬಂದಿದ್ದರು. ಮಾತು ಕೇಳಿಸುವುದಿಲ್ಲವೆಂದು ಒಂದು ಚೀಟಿಯಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದರು: "ಡಾಕ್ಟ್ರಿಗೆ ಹೇಳಿದ್ದು ಒಳ್ಳೇದಾಯ್ತು." ಅವರು ಹೋದ ಮೇಲೆ ನಾನು ಮೊದಲ ಸಲ ಅತ್ತೆ.

ಹನ್ನೊಂದನೆಯ ದಿನ ಒಂಬೈನೂರು. ನರ್ಸ್ ಸುಮ್ಮನೆ ಓದಿ ಹೋದಳು. ನಾನು ಅವಳನ್ನು ವಾಪಸ್ ಕರೆದು ಇನ್ನೊಮ್ಮೆ ಓದಿಸಿದೆ. ಮರುದಿನ ಸಾವಿರದ ನಾನೂರು. ಬೀಜ ಉಳಿದಿತ್ತು.

ಪ್ರಶಾಂತ ಆ ವಾರವೇ ಊರಿಗೆ ಬಂದ. ಕೆಲಸ ಹೋಗಿತ್ತು. ಅವನ ಕಣಗಳೂ ಇಳಿದಿದ್ದವು, ಆದರೆ ನನ್ನಷ್ಟಲ್ಲ. ಪೈಪಿನ ಕಬ್ಬಿಣ ಅವನಿಗೆ ಅಡ್ಡ ನಿಂತಿತ್ತು ಎಂದರು ಡಾಕ್ಟರು. ಗಾಜಿನಾಚೆ ಬಂದು ನಿಂತವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಕೋಣೆಯಿಂದ ಹೊರಗೆ ಬಂದ ಮೇಲೆ ಅವನ ಕೈ ಹಿಡಿದು, "ಬ್ಯಾಜು ತೆಗೀಲಿಕ್ಕೆ ಕಲಿಸಿದ್ದು ನಾನು" ಎಂದೆ. ಅವನು, "ಬಂತು ಭಾವ ಅಂತ ಕೂಗಿದ್ದು ನಾನಲ್ವಾ" ಎಂದ. ಅವತ್ತಿನಿಂದ ಇವತ್ತಿನ ತನಕ ನಾವು ಆ ವಿಷಯ ಇಷ್ಟೇ ಮಾತಾಡಿದ್ದು.

ತೋರುಬೆರಳಿನ ತುದಿ ಉಳಿಯಲಿಲ್ಲ, ಕತ್ತರಿಸಿದರು. ಪ್ರಶಾಂತ ಈಗ ಮುಳ್ಳೇರಿಯದಲ್ಲಿ ಆಟೋ ಓಡಿಸುತ್ತಾನೆ, ನಾನು ಉಪ್ಪಳದಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಇದ್ದೇನೆ. ಮಜ್ಜೆ ಒಮ್ಮೆ ಇಷ್ಟು ಪೆಟ್ಟು ತಿಂದ ಮೇಲೆ ಮುಂದೆ ಯಾವಾಗ ಬೇಕಾದರೂ ತಂಟೆ ಮಾಡಬಹುದು, ಆದ್ದರಿಂದ ಆರು ತಿಂಗಳಿಗೊಮ್ಮೆ ನೋಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಆ ಬೆಂಚು. ಈ ಕರಾವಳಿಯಿಂದ ಅದೇ ಕೆಲಸಕ್ಕೆ ಹೋದವರು ಇನ್ನೂ ಇದ್ದಾರೆ. ಅವರಲ್ಲಿ ಯಾರ ಬ್ಯಾಜಾದರೂ ಮೊಳೆಯಲ್ಲಿ ತೂಗುತ್ತಿದ್ದರೆ, ಅವರ ಮನೆಯವರಿಗಾಗಿ ಇಷ್ಟು ಬರೆದೆ.

ಕಳೆದ ವಾರವೂ ಹೋಗಿದ್ದೆವು. ಎಲ್ಸಿ ಬಾಯಮ್ಮ ಎರಡು ರಿಪೋರ್ಟುಗಳನ್ನು ಮಡಚಿ ಕೊಟ್ಟರು. ನನ್ನದನ್ನು ಕಿಸೆಗೆ ಹಾಕಿ ಪ್ರಶಾಂತನದ್ದನ್ನು ಬಿಚ್ಚಿದೆ. ಬಿಳಿ ಕಣ ಸರಿ, ಕೆಂಪು ಸರಿ, ಪ್ಲೇಟ್ಲೆಟ್ ಎರಡು ಲಕ್ಷದ ಮೇಲೆ. ಅವನಿಗೆ ತೋರಿಸಿದೆ. ಅಷ್ಟರಲ್ಲಿ ವನಿತಾಳ ಫೋನು ಬಂತು. ಹತ್ತು ವರ್ಷಗಳಲ್ಲಿ ಅವಳು ಒಮ್ಮೆಯೂ ಮೊದಲು ಸಂಖ್ಯೆ ಕೇಳಿದ್ದಿಲ್ಲ.

"ಯಾರದ್ದು ಮೊದಲು ನೋಡಿದ್ದು?"

"ಅವನದ್ದು."

"ಹೇಗುಂಟು?"

"ಎಲ್ಲ ಸರಿ ಉಂಟು."

ಆಚೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

"ಹಾಗಾದ್ರೆ ಇನ್ನು ನಿಮ್ಮದು ಬಿಚ್ಚಿ," ಎಂದಳು. "ನಾನು ಫೋನ್ ಇಡುದಿಲ್ಲ."